ಎಐ ಈಗ ಫೋನಿನಲ್ಲೇ ಓಡುತ್ತದೆ ಅಂತಾರಲ್ಲ, ಅದರಿಂದ ನಮಗೇನು ಲಾಭ?

ನನ್ನ ಪ್ರಕಾರ ದೊಡ್ಡ ಲಾಭ ಅಂದರೆ ನಮ್ಮ ಮಾಹಿತಿ ನಮ್ಮ ಹತ್ತಿರವೇ ಉಳಿಯುತ್ತದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ ಕೇಳಿದ ಪ್ರಶ್ನೆಯೆಲ್ಲ ಕಂಪನಿಯ ಸರ್ವರ್‌ಗೆ ಹೋಗಲೇಬೇಕಿತ್ತು. ಈಗ ಸಣ್ಣ ಮಾಡೆಲ್‌ಗಳು, ಅಂದರೆ ಉತ್ತರ ಕೊಡುವ ಎಐ ಪ್ರೋಗ್ರಾಂಗಳು, ಫೋನಿನ ಚಿಪ್‌ನಲ್ಲೇ ಓಡುತ್ತವೆ. ಹೇಗೆ ಅಂದರೆ, ಮಾಡೆಲ್‌ನೊಳಗಿನ ಸಂಖ್ಯೆಗಳನ್ನು 16 ಬಿಟ್ (ಬಿಟ್ ಅಂದರೆ ಕಂಪ್ಯೂಟರ್ ಮಾಹಿತಿಯ ಅತಿ ಚಿಕ್ಕ ಅಳತೆ) ಬದಲು 4 ಬಿಟ್‌ನಲ್ಲಿ ಇಟ್ಟರೆ ಜಾಗ ಸುಮಾರು ಕಾಲು ಭಾಗ ಸಾಕು. ನಿಖರತೆ ಮಾತ್ರ ಸ್ವಲ್ಪ ತಗ್ಗುತ್ತದೆ. ಹಾಗಾಗಿ ಅನುವಾದ, ಮಾತನ್ನು ಬರಹಕ್ಕೆ ಇಳಿಸುವುದು ನೆಟ್ ಇಲ್ಲದೆಯೂ ಆಗುತ್ತದೆ. ವೈದ್ಯರು, ವಕೀಲರು ಇದನ್ನು ಖಂಡಿತ ಗಮನಿಸಬೇಕು: ರೋಗಿಯ ಅಥವಾ ಕಕ್ಷಿದಾರನ ವಿವರ ಹೊರಗೆ ಕಳಿಸಬೇಕಿಲ್ಲ. ಸಣ್ಣ ವ್ಯಾಪಾರಕ್ಕೆ ಸರ್ವರ್ ಖರ್ಚೂ ಉಳಿಯುತ್ತದೆ.

ಆದರೆ ಸಣ್ಣ ಮಾಡೆಲ್ ತಪ್ಪು ಹೇಳುವುದು ಜಾಸ್ತಿ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಕಷ್ಟದ ಕೆಲಸಕ್ಕೆ ಇನ್ನೂ ಸರ್ವರೇ ಬೇಕು.