ಬದನೆಗೆ ಬ್ಯಾಕ್ಟೀರಿಯಾದ ಜೀನ್: ಪ್ರಕೃತಿಗೆ ವಿರುದ್ಧವೇ?

ಪ್ರಶ್ನೆ: ಬದನೆ ಗಿಡಕ್ಕೆ ಬ್ಯಾಕ್ಟೀರಿಯಾದ ಜೀನ್ ಸೇರಿಸುವುದು ಪ್ರಕೃತಿಗೆ ವಿರುದ್ಧವಲ್ಲವೇ? ವಿರುದ್ಧವೆಂದ ಮೇಲೆ ಅದನ್ನು ತಪ್ಪೆನ್ನಲು ಬೇರೆ ಕಾರಣ ಬೇಕೆ?
– ಓದುಗರೊಬ್ಬರು, ಉಡುಪಿ

ಉತ್ತರ: ಬೇರೆ ಕಾರಣ ಬೇಕು ಎಂದೇ ನನ್ನ ಅಭಿಪ್ರಾಯ. ಮಣ್ಣಿನಲ್ಲಿರುವ ಅಗ್ರೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ತನ್ನ ಡಿಎನ್‌ಎಯ ತುಣುಕನ್ನು ಗಿಡದ ಜೀವಕೋಶಕ್ಕೆ ದಾಟಿಸಿ ಅಲ್ಲಿ ಗಂಟು ಬೆಳೆಸುತ್ತದೆ. ಆ ಗಂಟಿಗೆ ಕಾರಣವಾದ ಜೀನ್‌ಗಳನ್ನು ತೆಗೆದುಹಾಕಿ, ತಮಗೆ ಬೇಕಾದುದನ್ನು ಅದರ ಮೂಲಕವೇ ಸಾಗಿಸುವುದನ್ನು ವಿಜ್ಞಾನಿಗಳು ಆಮೇಲೆ ಕಲಿತರು. ಉಪವಾಸದ ದಿನ ನಾವು ಬೇಯಿಸಿ ತಿನ್ನುವ ಗೆಣಸಿನಲ್ಲಿಯೂ ಇಂಥ ಬ್ಯಾಕ್ಟೀರಿಯಾದ ಜೀನ್‌ಗಳು ಬಹಳ ಹಿಂದೆಯೇ ತಾವಾಗಿ ಸೇರಿಕೊಂಡಿವೆಯೆಂಬುದು 2015ರಲ್ಲಿ ಬೆಳಕಿಗೆ ಬಂತು.

ಇದನ್ನೇ ಹಿಡಿದು ಕುಲಾಂತರಿ ಬೆಳೆ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ, ನಿರ್ದೋಷಿ ಎಂದು ವಾದಿಸುವವರಿದ್ದಾರೆ. ಅದೂ ಅಷ್ಟೇ ಪೊಳ್ಳು. ಪ್ರಕೃತಿಯಲ್ಲಿದೆ ಎಂದ ಮಾತ್ರಕ್ಕೆ ದತ್ತೂರಿ ಬೀಜ ತಿನ್ನಲು ಯೋಗ್ಯವಾಗುವುದಿಲ್ಲ. ಇಲ್ಲ ಎಂದ ಮಾತ್ರಕ್ಕೆ, ಮನುಷ್ಯನ ಜೀನ್ ಹೊತ್ತ ಬ್ಯಾಕ್ಟೀರಿಯಾದಿಂದ ತಯಾರಾಗಿ 1982ರಿಂದ ಔಷಧವಾಗಿ ಒಪ್ಪಿತವಾಗಿರುವ ಇನ್ಸುಲಿನ್ ತ್ಯಾಜ್ಯವಾಗುವುದಿಲ್ಲ. ಆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರೇ, ಕಾಯಿಕೊರಕ ಹುಳುವನ್ನು ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿ.ಟಿ. ಬದನೆ ಬೇಡವೆಂದರೂ ಅದರಲ್ಲಿ ಅಸಂಗತವೇನೂ ಇಲ್ಲ. ಆ ಬ್ಯಾಕ್ಟೀರಿಯಾ ಮುಚ್ಚಿದ ತೊಟ್ಟಿಯಲ್ಲಿ ಉಳಿಯುತ್ತದೆ. ಬದನೆಯ ಪರಾಗವಾದರೋ ಜೇನ್ನೊಣದ ಕಾಲಿಗಂಟಿ ಪಕ್ಕದ ಗದ್ದೆಗೆ ಹೋಗಬಲ್ಲದು.

ಆ ಪಕ್ಕದ ಗದ್ದೆ ನಿಮ್ಮ ಉಡುಪಿಯ ಮಟ್ಟು ಗ್ರಾಮದ್ದೇ ಆಗಿದ್ದರೆ? ಯತಿ ವಾದಿರಾಜರು ಕೊಟ್ಟ ಬೀಜವೆಂದು ಜನ ನಂಬುವ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟು ಗುಳ್ಳ ಎಂಬ ಬದನೆ ತಳಿಯನ್ನು ಅಲ್ಲಿನ ರೈತರು ಬೀಜ ಕಾದಿಟ್ಟು ಉಳಿಸಿಕೊಂಡು ಬಂದಿದ್ದಾರೆ. ಅದರ ಶುದ್ಧಿ ಕೆಟ್ಟರೆ ಹೊಣೆ ಯಾರದು? ಸ್ಥಳೀಯ ಬದನೆ ತಳಿಗಳನ್ನು ಜೀವವೈವಿಧ್ಯ ಕಾಯಿದೆಯ ಪ್ರಕಾರ ಅನುಮತಿ ಪಡೆಯದೆ ಬಿ.ಟಿ. ಬದನೆಗೆ ಬಳಸಲಾಗಿದೆ ಎಂಬ ಆರೋಪ ಕರ್ನಾಟಕದಲ್ಲಿಯೇ ನ್ಯಾಯಾಲಯದ ಮೆಟ್ಟಿಲೇರಿತ್ತು. ನನಗೆ ನೈತಿಕವೆಂದು ಕಾಣುವ ಪ್ರಶ್ನೆಗಳು ಇವು. 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು, ಬೆಂಗಳೂರೂ ಸೇರಿ 7 ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದ ಬಳಿಕ ಬಿ.ಟಿ. ಬದನೆಯನ್ನು ತಡೆಹಿಡಿದಾಗಲೂ, ವಿಜ್ಞಾನಿಗಳಲ್ಲಿ ಒಮ್ಮತವಿಲ್ಲದಿರುವುದು ಮತ್ತು ರಾಜ್ಯಗಳ ವಿರೋಧ ಮುಂತಾದವನ್ನು ಕಾರಣವಾಗಿ ಕೊಟ್ಟರು.

ಇನ್ನೊಂದು ಮಾತು. ಅದೇ ಜೀನ್ ಇರುವ ಬದನೆಗೆ ಬಾಂಗ್ಲಾದೇಶವು 2013ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಬೀಜ ಸರ್ಕಾರಿ ಸಂಶೋಧನಾ ಸಂಸ್ಥೆಯದು, ರೈತರು ಅದನ್ನು ಎತ್ತಿಟ್ಟು ಮತ್ತೆ ಬಿತ್ತಬಹುದು. ಇಲ್ಲಿ ಕಂಪನಿಯ ಹೈಬ್ರಿಡ್ ಬಂದಿದ್ದರೆ, ಎತ್ತಿಟ್ಟ ಬೀಜದಲ್ಲಿ ಅದರ ಗುಣ ಹಾಗೆಯೇ ಉಳಿಯದ ಕಾರಣ ವರ್ಷವರ್ಷವೂ ಬೀಜ ಕೊಳ್ಳಬೇಕಾಗುತ್ತಿತ್ತು. ಪ್ರಕೃತಿಗೆ ವಿರುದ್ಧವೆನ್ನುವುದಾದರೆ ಎರಡೂ ಒಂದೇ ಅಳತೆಯಲ್ಲಿ ವಿರುದ್ಧ, ಆದರೆ ರೈತನ ಮಟ್ಟಿಗೆ ಎರಡೂ ಒಂದೇ ಅಲ್ಲ.