ತುಂಡು ಯಾರ ತಟ್ಟೆಗೆ?

ಗುರುತು ಸಿಗಬಾರದು ಅಂತ ಹೆಸರು, ಮನೆಯ ವಿವರ ಬದಲಾಯಿಸಿದ್ದೇನೆ. ಇವರನ್ನು ಗಿರಿಜಮ್ಮ ಎನ್ನೋಣ. ವಯಸ್ಸು 64. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಆಷಾಢದ ಮಳೆಯಲ್ಲಿ ಅಂಗಳದ ಪಾಚಿ ಮೇಲೆ ಜಾರಿ, ಕೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೂಳೆ ಎಷ್ಟು ಗಟ್ಟಿ ಅಂತ ಹೇಳುವ ಟಿ ಸ್ಕೋರ್ ಮೈನಸ್ 2.7 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಒಳಗೊಳಗೇ ಟೊಳ್ಳಾಗುವ ಕಾಯಿಲೆ. ರಕ್ತದಲ್ಲಿ ವಿಟಮಿನ್ ಡಿ 11 ಇತ್ತು. 20ರ ಮೇಲಾದರೂ ಇರಬೇಕಿತ್ತು.

ಡಾಕ್ಟರು ಔಷಧಿ ಬರೆದು, ಊಟದ ವಿಚಾರ ಮಾತಾಡಿ ಅಂತ ನನ್ನ ಹತ್ತಿರ ಕಳಿಸಿದ್ದರು. ಜೊತೆಗೆ ಮಗ, ಸೊಸೆ. ಮಗ ಕೂರುವ ಮೊದಲೇ ಶುರು ಮಾಡಿದರು: "ಮಾತ್ರೆ ಯಾಕೆ ಮೇಡಂ? ಮನೆ ಹೊಂಡದಲ್ಲೇ ಮೀನಿದೆ. ಮೀನಲ್ಲಿ ವಿಟಮಿನ್ ಡಿ ಇರ್ತದಲ್ವಾ? ವಾರಕ್ಕೆ ಎರಡು ಸಲ ಸಾರು ಮಾಡ್ತೀವಿ."

ತೋಟದ ಕೃಷಿ ಹೊಂಡಕ್ಕೆ ಭದ್ರಾ ಅಣೆಕಟ್ಟೆಯ ಊರು ಬಿ.ಆರ್.ಪಿ.ಯಿಂದ ಕಾಟ್ಲಾ, ರೋಹು ಮರಿ ತಂದು ಬಿಟ್ಟಿದ್ದಾರೆ. ಮೇವು ಅಂದರೆ ತೌಡು, ಕಡಲೆಕಾಯಿ ಹಿಂಡಿ. ಹುಮ್ಮಸ್ಸಿನ ಮನುಷ್ಯ, ಅದನ್ನು ಕುಗ್ಗಿಸುವ ಮನಸ್ಸಾಗಲಿಲ್ಲ. ಆದರೂ ಹೇಳಲೇಬೇಕಾಯಿತು. ಮೀನಿನ ಮೈಯಲ್ಲಿರುವ ವಿಟಮಿನ್ ಡಿ ಹೆಚ್ಚಾಗಿ ಅದು ತಿಂದದ್ದರಿಂದ ಬರುತ್ತದೆ. ನೀರಿನಲ್ಲಿರುವ ಸಣ್ಣ ಸಣ್ಣ ಜೀವಿಗಳಿಂದ ಸ್ವಲ್ಪ ಸಿಗುತ್ತದೆ, ಕಾಟ್ಲಾ ಅವನ್ನೇ ತಿಂದು ಬೆಳೆಯುವ ಮೀನು. ಕಂಪನಿ ಮೇವಿಗೆ ಡಿ3 ಸೇರಿಸಿರುತ್ತಾರೆ. ತೌಡು, ಹಿಂಡಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಂದು ಹೊಂಡದ ಮೀನಿನಂತೆ ಇನ್ನೊಂದರದ್ದು ಇರುವುದಿಲ್ಲ. ಅವರ ವಯಸ್ಸಿಗೆ ದಿನಕ್ಕೆ 800 ಯೂನಿಟ್ ಬೇಕು. ಆಗಲೇ ಇಷ್ಟು ಕೊರತೆ ಇರುವಾಗ ವಾರಕ್ಕೆರಡು ಸಲದ ಮೀನನ್ನೇ ನಂಬಿ ಮಾತ್ರೆ ಬಿಡುವ ಹಾಗಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಗಿರಿಜಮ್ಮ ಒಂದು ಮಾತೂ ಆಡಿರಲಿಲ್ಲ. ಸುಮ್ನೆ ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ಮಗನನ್ನೂ ಸೊಸೆಯನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಕೇಳಿದೆ: "ಅಮ್ಮಾ, ಮೊನ್ನೆ ಮೀನು ಮಾಡಿದಾಗ ನಿಮ್ಮ ತಟ್ಟೆಗೆ ಯಾವ ತುಂಡು ಬಂತು?"

ನಕ್ಕರು. "ತಲೆ ಅಂದ್ರೆ ಮಗನಿಗೆ ಜೀವ. ಹೊಟ್ಟೆ ಕಡೆಯ ತುಂಡು ಮಕ್ಕಳಿಗೆ. ಬಾಲದ್ದು ಉಳಿದ್ರೆ ನಂಗೆ. ಇಲ್ಲಾಂದ್ರೆ ಸಾರೇ ಸಾಕು, ಕಡುಬಿಗೆ ಹಾಕ್ಕಂಡ್ರೆ ಆಯ್ತು. ರುಚಿ ಎಲ್ಲ ಸಾರಲ್ಲೇ ಇರದು."

ರುಚಿ ಇರಬಹುದು. ವಾಟೆಹುಳಿ ಹಾಕಿದ ಸಾರಿಗೆ ಸೋಲದವರು ಮಲೆನಾಡಲ್ಲಿ ಯಾರಿದ್ದಾರೆ? ಆದರೆ ವಿಟಮಿನ್ ಡಿ ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಮೂಳೆಗೂ ಸ್ನಾಯುವಿಗೂ ಬೇಕಾದ ಪ್ರೋಟೀನ್ ಕೂಡ ತುಂಡಿನಲ್ಲೇ ಉಳಿಯುತ್ತದೆ. ಮನೆಗೆ ವಾರಕ್ಕೆರಡು ಸಲ ಮೀನು ಬರುತ್ತಿತ್ತು, ಇವರ ಹೊಟ್ಟೆಗೆ ಬರುತ್ತಿರಲಿಲ್ಲ.

ಇನ್ನೊಂದು ವಿಷಯ ನಿಧಾನಕ್ಕೆ ಹೊರಬಂತು. ಎರಡು ವರ್ಷದ ಹಿಂದೆ ಗಂಟಲಿಗೆ ಮುಳ್ಳು ಸಿಕ್ಕಿತ್ತಂತೆ. ಕಣ್ಣೂ ಮಂಜು. "ಮುಳ್ಳು ಆರಿಸಿ ಕೊಡಿ ಅಂತ ಸೊಸೆ ಹತ್ರ ಕೇಳದು ಹೆಂಗೆ ಮೇಡಂ? ನಾಚಿಕೆ ಆಗ್ತದೆ."

ಸೊಸೆಯನ್ನು ಒಳಗೆ ಕರೆದು, ಗಿರಿಜಮ್ಮನ ಒಪ್ಪಿಗೆ ಪಡೆದೇ ಇದನ್ನು ಹೇಳಿದೆ. ಹೊಟ್ಟೆ ಭಾಗದ ತುಂಡು ಅತ್ತೆಗಿರಲಿ. ಅಲ್ಲಿರುವುದು ದೊಡ್ಡ ಪಕ್ಕೆಮುಳ್ಳು, ಕೈಗೆ ಸಿಗುತ್ತದೆ, ಕೊಬ್ಬೂ ಜಾಸ್ತಿ. ಕೂದಲಿನಂಥ ಕವಲು ಮುಳ್ಳು ಕಾಡುವುದು ಬೆನ್ನು, ಬಾಲದ ಕಡೆ. ಕರಾವಳಿಯಿಂದ ಬೂತಾಯಿ ಬಂದ ದಿನ ಅದನ್ನೂ ತರಲಿ, ಅದರಲ್ಲಿ ಡಿ ಚೆನ್ನಾಗಿರುತ್ತದೆ. ಕ್ಯಾಲ್ಸಿಯಂ ದಿನಕ್ಕೆ 1200 ಮಿಲಿಗ್ರಾಂ ಬೇಕು. ಮೀನಿನ ಮಾಂಸದಲ್ಲಿ ಅದು ಕಡಿಮೆ, ಇರುವುದು ಮುಳ್ಳಿನಲ್ಲಿ. ಮುಳ್ಳಿಗೆ ಹೆದರುವವರಿಗೆ ಹಾಲು, ಮೊಸರು, ರಾಗಿ ಅಂಬಲಿಯೇ ದಾರಿ. "ನಾವು ಅಕ್ಕಿ ಜನ" ಅಂತ ಗಿರಿಜಮ್ಮ ಮೂಗು ಮುರಿದರು. ಸಂಜೆಗೊಂದು ಲೋಟ ಅಂಬಲಿಗೆ ಒಪ್ಪಿಸಿದೆ.

ಮಾತ್ರೆಗೆ ಡಾಕ್ಟರ ಮಾತೇ ಕೊನೆ. 60,000 ಯೂನಿಟ್‌ನ ಡಿ ಪುಡಿ ವಾರಕ್ಕೊಂದು ಅಂತ ಬರೆದದ್ದನ್ನು ದಿನಕ್ಕೊಂದು ಕುಡಿದು ವಾಂತಿ ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ. ಹಾಗಾಗಿ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಸುತ್ತು ಹಾಕಿಸಿದೆ. ಮಳೆ ಬಿಟ್ಟ ಮೇಲೆ ಬಿಸಿಲು ಕಾಯುವುದು ಬೆಳಗ್ಗೆ ಏಳಕ್ಕಲ್ಲ, ಹನ್ನೊಂದರ ಮೇಲೆ. ಅಂಗಳಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವ ಕೆಲಸ ಮಗನದ್ದು. ಮೂಳೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಪಾಚಿ ಕಾಯುವುದಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಬಂದರು. ವಿಟಮಿನ್ ಡಿ 29. ಸೊಸೆಯದ್ದು ಒಂದೇ ದೂರು: "ತುಂಡು ಅವರಿಗೇ ಮೊದ್ಲು ಹಾಕ್ತೀನಿ ಮೇಡಂ. ಮುಳ್ಳೂ ತೆಗ್ದು ಕೊಡ್ತೀನಿ. ನಾನು ಆ ಕಡೆ ತಿರುಗಿದ್ರೆ ಮೊಮ್ಮಗನ ತಟ್ಟೆಗೆ ದಾಟಿಸ್ತಾರೆ."

ಗಿರಿಜಮ್ಮ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಇನ್ನು ಮೇಲೆ ಎರಡು ತುಂಡು ಹಾಕಿ ಅಂತ ಬರೆದುಕೊಟ್ಟೆ.