ಅಡಿಕೆ ಬುಡಕ್ಕೆ ಗೋಡು ಪೇರಿಸಬೇಡಿ

ಪ್ರಶ್ನೆ: ನಮ್ಮೂರ ಕೆರೆ ಬತ್ತಿದೆ, ಎಲ್ಲರೂ ಗೋಡು (ಕೆರೆಯ ಹೂಳು ಮಣ್ಣು) ಹೊಡೆಸುತ್ತಿದ್ದಾರೆ. ನನ್ನ ಎರಡು ಎಕರೆ ಅಡಿಕೆ ತೋಟಕ್ಕೆ ಎಷ್ಟು ಲೋಡು ಹಾಕಿಸಲಿ? ಯುಗಾದಿಯೊಳಗೆ ಮುಗಿಸಬೇಕು ಅಂತಿದ್ದೇನೆ. (ಚನ್ನಗಿರಿ ತಾಲ್ಲೂಕಿನ ಓದುಗರು)

ಸಂಕ್ರಾಂತಿ ಕಳೆದು ಹೊಂಗೆ ಚಿಗುರುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಎಲ್ಲರೂ ಕೇಳುವುದು ‘ಎಷ್ಟು ಲೋಡು’ ಎಂದೇ. ಹಾಕಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಜೆಸಿಬಿ ಬಾಡಿಗೆ ಗೊತ್ತು ಮಾಡಿ, ಟ್ರ್ಯಾಕ್ಟರ್‌ನವನಿಗೆ ಅಡ್ವಾನ್ಸ್ ಕೊಟ್ಟ ಮೇಲೆ ನನಗೆ ಬರೆಯುತ್ತೀರಿ.

ಅಡಿಕೆಗೆ ತಾಯಿಬೇರಿಲ್ಲ. ಅದು ಉಣ್ಣುವ ಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತ, ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಕೆರೆ ಗೋಡಿನಲ್ಲಿ ಜೇಡಿಯೇ ಹೆಚ್ಚು. ಅದನ್ನು ಬುಡಕ್ಕೆ ಅಡಿಗಟ್ಟಲೆ ಪೇರಿಸಿದರೆ ನೀರು ಮೇಲೇ ನಿಲ್ಲುತ್ತದೆ, ಗಾಳಿ ಕೆಳಗಿಳಿಯುವುದಿಲ್ಲ, ಹಳೆಯ ಬೇರು ಉಸಿರುಕಟ್ಟಿ ಸಾಯುತ್ತದೆ. ಹೊಸ ಮಣ್ಣಿನ ಸಾರಕ್ಕೆ ಮೊದಲ ವರ್ಷ ಗರಿ ಹಚ್ಚಗಾಗಬಹುದು. ‘ಪಕ್ಕದ ತೋಟ ನೋಡಿ ಹೇಗಾಗಿದೆ’ ಎನ್ನುವವರೆಲ್ಲ ಆ ಮೊದಲ ವರ್ಷವನ್ನಷ್ಟೇ ನೋಡಿ ಮಾತಾಡುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು, ಮಣ್ಣು ಹರಡುವ ಭರದಲ್ಲಿ ಬಸಿಗಾಲುವೆ ಮುಚ್ಚಿಬಿಡುವುದು. ಬಸಿಗಾಲುವೆ ಇಲ್ಲದ ತೋಟ ಮಳೆಗಾಲ ಹೇಗೆ ಕಳೆಯುತ್ತದೆಂದು ಚನ್ನಗಿರಿಯವರಿಗೆ ನಾನು ಹೇಳಬೇಕಾಗಿಲ್ಲ.

ನಿಮ್ಮದು ಎರೆ, ಅಂದರೆ ಕಪ್ಪು ಮಣ್ಣಿನ ನೆಲವಾದರೆ ಒಂದು ಬುಟ್ಟಿ ಗೋಡೂ ಬೇಡ. ಅಲ್ಲಿ ಜೇಡಿ ಆಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ. ಮಸಾರಿ, ಅಂದರೆ ಮರಳು ಮಿಶ್ರಿತ ಕೆಂಪು ಮಣ್ಣಾಗಿದ್ದು, ನೀರು ಹಾಯಿಸಿದ ಮರುದಿನವೇ ಒಣಗುತ್ತಿದ್ದರೆ ಒಂದಿಂಚು ಹಾಕಿ, ಅದನ್ನು ಮೀರಬೇಡಿ. ಬುಡದಿಂದ ಎರಡಡಿ ಬಿಟ್ಟು ಸಾಲಿನ ನಡುವೆ ಹರಡಿಸಿ.

ಗೋಡಿನ ನಿಜವಾದ ಜಾಗ ಜಗಳೂರು, ಚಳ್ಳಕೆರೆ ಕಡೆಯ ಮಸಾರಿ ಹೊಲ. ಶೇಂಗಾ, ಸಜ್ಜೆ ಬಿತ್ತುವ ಆ ಮರಳು ಮಣ್ಣಿಗೆ ತೇವ ಹಿಡಿದಿಡುವ ಶಕ್ತಿ ಕಮ್ಮಿ. ಮಳೆ ಹತ್ತು ಹದಿನೈದು ದಿನ ಕೈಕೊಟ್ಟಾಗ ಪೈರು ಉಳಿಸುವುದು ಈ ಜೇಡಿಯೇ. ಲೆಕ್ಕ ಬೇಕಾದರೆ ತಗೊಳ್ಳಿ: ಒಂದು ಎಕರೆಗೆ ಒಂದಿಂಚು ದಪ್ಪ ಹರಡಲು 3,630 ಘನ ಅಡಿ ಮಣ್ಣು ಬೇಕು. ನೂರು ಘನ ಅಡಿಗೆ ಒಂದು ಬ್ರಾಸ್, ಆ ಲೆಕ್ಕದಲ್ಲಿ ಸುಮಾರು 36. ಟ್ರೈಲರ್ ಒಂದು ಬ್ರಾಸ್ ಹಿಡಿದರೆ ಅಷ್ಟೇ ಲೋಡು. ನಿಮ್ಮ ಟ್ರೈಲರ್ ಉದ್ದ, ಅಗಲ, ಎತ್ತರ ನೀವೇ ಅಳೆಯಿರಿ, ಓಡಿಸುವವನ ಬಾಯಿಮಾತು ನಂಬಬೇಡಿ. ಗುಡ್ಡೆ ಸುರಿದು ಬಿಸಿಲಿಗೆ ಬಿಡಿ. ಹೆಂಟೆ ಒಣಗಿ ಪುಡಿಯಾದ ಮೇಲೆ ಹರಡಿ. ಮುಂಗಾರಿನ ಮೊದಲ ಹದ ಮಳೆಗೆ ಉಳುಮೆ ಮಾಡಿ ಬೆರೆಸಿ. ಬೆರೆಸದೆ ಬಿಟ್ಟರೆ ಮೇಲೆ ಹೆಪ್ಪುಗಟ್ಟಿ ಮೊಳಕೆ ಏಳುವುದಿಲ್ಲ.

ತರುವ ಮೊದಲು ಪರೀಕ್ಷೆ ಮಾಡಿ. ಗಾಜಿನ ಬಾಟಲಿಗೆ ಮೂರರಲ್ಲೊಂದು ಭಾಗ ಗೋಡು ಹಾಕಿ, ನೀರು ತುಂಬಿ, ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಮರಳು ನಿಮಿಷದಲ್ಲಿ ತಳ ಸೇರುತ್ತದೆ, ಜೇಡಿ ಕೊನೆಗೆ ಕೂರುತ್ತದೆ. ತಳದಲ್ಲಿ ಕೂತ ಮಣ್ಣಿನಲ್ಲಿ ಮುಕ್ಕಾಲು ಪಾಲು ಮರಳೇ ಇದ್ದರೆ ಆ ಲೋಡಿಗೆ ದುಡ್ಡು ಕೊಡಬೇಡಿ. ಒಣಗಿದ ಹೆಂಟೆಯ ಮೇಲೆ ಬಿಳಿ ಸೌಳು (ಉಪ್ಪಿನ ಪದರ) ಕಂಡರೂ ಬೇಡ. ನಿಂಬೆರಸ ಬಿಟ್ಟಾಗ ನೊರೆ ಬಂದರೆ ಸುಣ್ಣ ಇದೆ ಎಂದರ್ಥ. ಅದು ತೋಟಕ್ಕಂತೂ ಸಲ್ಲ, ಕಬ್ಬಿಣ, ಸತು ಸಿಗದೆ ಗರಿ ಹಳದಿಯಾಗುತ್ತದೆ. ಸರಿಯಾದ ವರದಿ ಬೇಕಾದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಇದೆ. ಪಟ್ಟಣದ ಚರಂಡಿ ಸೇರುವ ಕೆರೆಯ ಗೋಡನ್ನು ನಾನಾದರೆ ಯಾವ ಹೊಲಕ್ಕೂ ಹಾಕಿಸುವುದಿಲ್ಲ.

ಏರಿಯ ಬುಡದಲ್ಲಿ, ತೂಬಿನ ಹತ್ತಿರ ಅಗೆಯಬೇಡಿ. ಮೃದು ಗೋಡು ಮುಗಿದು ಗಟ್ಟಿ ನೆಲ ಸಿಕ್ಕಲ್ಲಿಗೆ ನಿಲ್ಲಿಸಿ. ಕೆರೆಯೊಳಗೆ ಆಳುದ್ದ ಗುಂಡಿ ಬಿಟ್ಟು ಹೋದರೆ ನೀರು ಬಂದಾಗ ಅದು ಈಜಲಿಳಿದ ಮಕ್ಕಳ ಜೀವ ತೆಗೆಯುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ.

ಪ್ರಶ್ನೆ: ತೆಂಗಿನಕಾಯಿ ಅಂಗೈ ಮೇಲಿಟ್ಟು ಬೋರ್‌ವೆಲ್ ಪಾಯಿಂಟ್ ತೋರಿಸುವವರನ್ನು ಕರೆಸಲೇ? (ಹೊಳಲ್ಕೆರೆ)

ಬೇಡ. ನೆಲದಡಿಯ ನೀರು ತೆಂಗಿನಕಾಯಿಯನ್ನು ಎಬ್ಬಿಸಿ ನಿಲ್ಲಿಸುವುದಿಲ್ಲ, ಎಬ್ಬಿಸುವುದು ಹಿಡಿದವನ ಕೈ. ಬೋರು ಫೇಲಾದರೆ ಅವನು ಫೀಸು ವಾಪಸು ಕೊಡುವುದಿಲ್ಲ, ಸಾಲ ನಿಮ್ಮ ತಲೆಗೆ. ಭೂಗರ್ಭ ತಜ್ಞರಿಂದ ಸರ್ವೆ ಮಾಡಿಸಿ.

ಪ್ರಶ್ನೆ: ಮಾವಿನ ಮರ ತುಂಬ ಹೂವಿದೆ. ಈಗಲೇ ಔಷಧ ಹೊಡೆಯಲೇ? (ಹೊಸದುರ್ಗ)

ಹೂವು ಪೂರ್ತಿ ಅರಳಿರುವಾಗ ಕೀಟನಾಶಕ ಹೊಡೆದರೆ ಕಾಯಿ ಕಚ್ಚಿಸುವ ನೊಣ, ಜೇನನ್ನೇ ಕೊಂದಂತೆ. ಜಿಗಿಹುಳ, ಬೂದಿ ರೋಗಕ್ಕೆ ಔಷಧ ಹೂ ಅರಳುವ ಮೊದಲು ಹೊಡೆಯಬೇಕಿತ್ತು. ಈಗ ಸುಮ್ಮನಿರಿ, ನೀರನ್ನೂ ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಕೊಡಿ.

ಪ್ರಶ್ನೆ: ಅಂಗಳದಲ್ಲಿ ಉದುರಿದ ಹೊಂಗೆ ಎಲೆ, ಹೂವು ಗುಡಿಸಿ ಸುಟ್ಟರೆ ಬೂದಿ ಗೊಬ್ಬರವಾಗುತ್ತದಲ್ಲವೇ? (ಹರಿಹರ)

ಸುಟ್ಟರೆ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಹೊಂಗೆಯ ಬೆಲೆ ಇರುವುದೇ ಅದರಲ್ಲಿ. ಬೆಳಗ್ಗೆ ಆ ಹೂವಿನ ಹಾಸಿನ ಮೇಲೆ ಮಕ್ಕಳು ಆಡಿಕೊಳ್ಳಲಿ, ಆಮೇಲೆ ಗುಡಿಸಿ ತಿಪ್ಪೆಗೆ ಹಾಕಿ. ತೋಟವಿದ್ದರೆ ಅಡಿಕೆ, ತೆಂಗಿನ ಪಾತಿಗೆ ನಾಲ್ಕಿಂಚು ಮುಚ್ಚಿಗೆ ಮಾಡಿ. ಲೋಡಿಗೆ ದುಡ್ಡು ಸುರಿಯುವ ಮೊದಲು ಚನ್ನಗಿರಿಯವರೂ ಇದನ್ನು ಒಂದು ಬೇಸಿಗೆ ಮಾಡಿ ನೋಡಿ.